ಆಕ್ಸಲ್ ಬದಲಾಯಿಸಿದ ಮೇಲೆ ಬ್ರೇಕ್ ಪೈಪ್: ಹಳೇದನ್ನೇ ಬಗ್ಗಿಸಿ ಕೂರಿಸಿದ್ರೆ ಸಾಕಾ?

ಹೋದ ಸಂಚಿಕೆಯಲ್ಲಿ ನಮ್ಮ ಮನೆಯ ಅಂಬಾಸಿಡರ್‌ಗೆ ಹಿಂದಿನ ಆಕ್ಸಲ್ ಬದಲಾಯಿಸಿದ ಕಥೆ ಹೇಳಿದ್ದೆ. ಗುಜರಿಯಲ್ಲಿ ಹುಡುಕಿದ್ದು, ಟೆಂಪೋದಲ್ಲಿ ಜಡಿಗೇನಹಳ್ಳಿಗೆ ತಂದಿದ್ದು, ನಾಲ್ಕು ಜನ ಸೇರಿ ಎತ್ತಿ ಪಟ್ಟಾಗೆ, ಅಂದ್ರೆ ಲೀಫ್ ಸ್ಪ್ರಿಂಗ್‌ಗೆ, ಕೂರಿಸಿದ್ದು. ಅದು ಬಂದ ಮೇಲೆ ಕೇಳುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಥರ ಇದ್ದವು: "ಆಕ್ಸಲ್ ಏನೋ ಹಾಕಿದ್ರಿ, ಬ್ರೇಕ್ ಪೈಪ್ ಏನ್ ಮಾಡಿದ್ರಿ? ಹಳೇದೇ ಸಾಕಾಯ್ತಾ?"

ಸಾಕಾಗಲಿಲ್ಲ. ಯಾಕೆ ಅನ್ನೋದೇ ಇವತ್ತಿನ ವಿಷಯ. ಸ್ಪ್ಯಾನರ್ ಹಿಡಿಯದವರೂ ಕೇಳಿ, ಯಾಕಂದ್ರೆ ಹಳೇ ಗಾಡಿ ಇಟ್ಕೊಂಡಿರೋ ಮನೆಯಲ್ಲಿ ಈ ಕೆಲಸವನ್ನ ಮಾಡೋನು ಮೆಕ್ಯಾನಿಕ್, ಆದ್ರೆ ಒಪ್ಪೋದು ಬಿಡೋದು ನಾವು.

ಮೊದಲು ಗಾಡಿ ಬಗ್ಗೆ ಎರಡು ಮಾತು. 1978ರ ಮಾರ್ಕ್ 3, ಪೆಟ್ರೋಲ್. ಓಡಿಸೋದು ನಮ್ಮ ಚಿಕ್ಕಪ್ಪ. ಅದು ಶೋಕಿಗೆ ಇಟ್ಟಿರೋ ಗಾಡಿ ಅಲ್ಲ. ಹೊಸಕೋಟೆ ಆಸ್ಪತ್ರೆಗೆ ಅಜ್ಜಿಯನ್ನ ಕರ್ಕೊಂಡು ಹೋಗೋದು, ಚಿಕ್ಕತಿರುಪತಿಗೆ ಮನೆಮಂದಿಯೆಲ್ಲ ಹೋಗಿಬರೋದು, ಅಕ್ಕಪಕ್ಕದವರ ಮದುವೆಗೆ ಹೆಣ್ಣಿನ ಕಡೆಯವರನ್ನ ಇಳಿಸೋದು, ಎಲ್ಲ ಅದರಲ್ಲೇ. ಹಿಂದಿನ ಸೀಟಿನಲ್ಲಿ ಮೂರು ಜನ ದೊಡ್ಡೋರು, ಅವರ ತೊಡೆ ಮೇಲೆ ಇಬ್ಬರು ಮಕ್ಕಳು. ಡಿಫರೆನ್ಷಿಯಲ್ ಕೂಗೋಕೆ ಶುರುವಾಗಿ ವರ್ಷ ಆಗಿತ್ತು. ಉತ್ತರಪಾರಾದ ಫ್ಯಾಕ್ಟರಿ 2014ರ ಮೇ ತಿಂಗಳಲ್ಲಿ ನಿಂತ ಮೇಲೆ ಹೊಸ ಕ್ರೌನ್ ಪಿನಿಯನ್ ಹುಡುಕೋದಕ್ಕಿಂತ ಒಳ್ಳೇ ಸ್ಥಿತಿಯಲ್ಲಿರೋ ಇಡೀ ಆಕ್ಸಲ್ ಹುಡುಕೋದೇ ಸುಲಭ. ಹಾಗಾಗಿ ಬದಲಾಯಿಸಿದ್ವಿ.

ಆಕ್ಸಲ್ ಕೂತ ದಿನ ಸಂಜೆ, ಕೆಲಸ ಮಾಡಿಕೊಟ್ಟ ಗ್ಯಾರೇಜಿನವರು ಹೇಳಿದ್ದು: "ಹಳೇ ಪೈಪ್ ಎರಡಿಂಚು ಸಾಲಲ್ಲ. ಮಧ್ಯಕ್ಕೆ ಕಟ್ ಮಾಡಿ ಫ್ರಿಜ್ಜಿನ ಕಾಪರ್ ಪೈಪ್ ಸೇರಿಸ್ತೀನಿ. ಅರ್ಧ ಗಂಟೆ ಕೆಲಸ. ಎಷ್ಟು ಗಾಡಿಗೆ ಹಾಕಿದೀನಿ, ಏನಾಗಲ್ಲ ಬಿಡಣ್ಣ." ಚಿಕ್ಕಪ್ಪನಿಗೂ ಅದೇ ಬೇಕಾಗಿತ್ತು. ಒಂಬತ್ತು ದಿನಕ್ಕೆ ಮನೆಯಲ್ಲಿ ಮದುವೆ. ನಾನು ಬೇಡ ಅಂದೆ. ಅವತ್ತು ರಾತ್ರಿ ಊಟದ ಹೊತ್ತಲ್ಲಿ ಆದ ಜಗಳದ ವಿವರ ಬೇಡ ಬಿಡಿ. ಆದ್ರೆ ಆ ಜಗಳದಲ್ಲಿ ನಾನು ಹೇಳಬೇಕಾಗಿದ್ದನ್ನ ಇಲ್ಲಿ ಸಾವಧಾನವಾಗಿ ಹೇಳ್ತೀನಿ.

ಆ ಪೈಪಿನೊಳಗೆ ಏನು ನಡೆಯುತ್ತೆ ಅಂತ ಮೊದಲು ನೋಡೋಣ. ನಾನು ಓದಿದ್ದು ಬಿ.ಕಾಂ., ಹಾಗಾಗಿ ಲೆಕ್ಕದಲ್ಲೇ ಅರ್ಥ ಮಾಡ್ಕೊಂಡೆ. ಎದುರಿಗೆ ದಿಢೀರ್ ಅಂತ ಹಸು ಬಂತು, ನೀವು ಪೆಡಲ್ ಮೇಲೆ 40 ಕೆ.ಜಿ. ಭಾರ ಹಾಕಿದ್ರಿ ಅನ್ಕೊಳ್ಳಿ. ಪೆಡಲ್ ಒಂದು ಮೀಟುಗೋಲು ಇದ್ದ ಹಾಗೆ, ಅದು ಆ ಬಲವನ್ನ ಐದು ಪಟ್ಟು ಮಾಡ್ತು ಅನ್ನೋಣ. ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ 200 ಕೆ.ಜಿ. ಬಿತ್ತು. ಪಿಸ್ಟನ್ನಿನ ಮುಖ ಸುಮಾರು 4 ಚದರ ಸೆಂಟಿಮೀಟರ್. ಅಂದ್ರೆ ಪ್ರತಿ ಚದರ ಸೆಂಟಿಮೀಟರಿಗೆ 50 ಕೆ.ಜಿ., ಪಿಎಸ್‌ಐನಲ್ಲಿ 700ರ ಹತ್ತಿರ. ನಿಮ್ಮ ಟೈರಿನಲ್ಲಿ ಇರೋದು ಬರೀ 30. ಟೈರಿನ ಇಪ್ಪತ್ತು ಪಟ್ಟಿಗಿಂತ ಹೆಚ್ಚು ಒತ್ತಡವನ್ನ, ಪೆನ್ಸಿಲಿಗಿಂತ ಸಣ್ಣ ಪೈಪು, 3/16 ಇಂಚಿನ ಪೈಪು, ತಡ್ಕೋಬೇಕು. ನೀವು ಜೋರಾಗಿ ಬ್ರೇಕ್ ಒತ್ತಿದಾಗೆಲ್ಲ ತಡ್ಕೋಬೇಕು.

ಇನ್ನೊಂದು ಲೆಕ್ಕ ಇದೆ, ಇದು ನನ್ನನ್ನ ನಿಜವಾಗಿ ಹೆದರಿಸಿದ್ದು. ಅದೇ ಪಿಸ್ಟನ್ ಮೂರು ಸೆಂಟಿಮೀಟರ್ ಮುಂದೆ ಹೋದ್ರೆ ತಳ್ಳೋದು ಎಷ್ಟು ಆಯಿಲ್? 12 ಸಿ.ಸಿ. ಮಕ್ಕಳ ಕೆಮ್ಮಿನ ಔಷಧಿಯ ಮುಚ್ಚಳದಷ್ಟು. ನಾಲ್ಕೂ ಚಕ್ರ ನಿಲ್ಲಿಸೋದು ಆ ಒಂದು ಮುಚ್ಚಳ ಆಯಿಲ್. ಅದರಲ್ಲಿ ಅರ್ಧ ಎಲ್ಲೋ ಸೋರಿ ಹೋದ್ರೆ, ಅಥವಾ ಅರ್ಧದಷ್ಟು ಜಾಗದಲ್ಲಿ ಗಾಳಿ ಇದ್ರೆ, ನಿಮ್ಮ ಕಾಲು ನೆಲ ಮುಟ್ಟುತ್ತೆ, ಗಾಡಿ ನಿಲ್ಲಲ್ಲ. ಆಯಿಲ್ ಒತ್ತಿದ್ರೆ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ಇಡೀ ಹೈಡ್ರಾಲಿಕ್ ಬ್ರೇಕ್ ವಿದ್ಯೆ ನಿಂತಿರೋದು ಇದರ ಮೇಲೇನೇ. ಇದೇನೂ ಹೊಸದಲ್ಲ, ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿಗೆ 1921ರಲ್ಲೇ ನಾಲ್ಕು ಚಕ್ರಕ್ಕೂ ಹೈಡ್ರಾಲಿಕ್ ಬ್ರೇಕ್ ಬಂದಿತ್ತು.

ಇದರ ಮೇಲೆ ಹಳೇ ಗಾಡಿಯದ್ದೇ ಒಂದು ಸಮಸ್ಯೆ. ಈಗಿನ ಕಾರುಗಳಲ್ಲಿ ಬ್ರೇಕ್ ಲೈನ್ ಎರಡು ಭಾಗ. ಒಂದು ಸೋರಿದ್ರೂ ಇನ್ನೊಂದು ಅರ್ಧಂಬರ್ಧ ಆದ್ರೂ ನಿಲ್ಲಿಸುತ್ತೆ. ಅಮೆರಿಕದಲ್ಲಿ 1968ರಿಂದ ಇದನ್ನ ಕಡ್ಡಾಯ ಮಾಡಿದ್ರು. ನಮ್ಮ ಮಾರ್ಕ್ 3ರಲ್ಲಿ ಇರೋದು ಒಂದೇ ಸರ್ಕ್ಯೂಟ್. ನಿಮ್ಮದು ಯಾವುದು ಅಂತ ನೋಡೋದು ಸುಲಭ: ಮಾಸ್ಟರ್ ಸಿಲಿಂಡರಿನಿಂದ ಬ್ರೇಕಿಗೆ ಒಂದೇ ಪೈಪ್ ಹೊರಟಿದ್ಯಾ, ಎರಡಾ? ಒಂದೇ ಆಗಿದ್ರೆ, ಹಿಂದಿನ ಎಡ ಚಕ್ರದ ಹತ್ರ ಒಂದು ನಟ್ ಸೋರಿದ್ರೂ ಮುಂದಿನ ಎರಡು ಚಕ್ರದ ಬ್ರೇಕೂ ಹೋಗುತ್ತೆ. ಉಳಿಯೋದು ಹ್ಯಾಂಡ್‌ಬ್ರೇಕು ಮತ್ತು ದೇವರು.

ಈಗ ಆಕ್ಸಲ್ ಹತ್ತಿರ ಬರೋಣ. ಇಲ್ಲಿನ ಲೈನಿನಲ್ಲಿ ಮೂರು ತುಂಡು. ಬಾಡಿ ಕೆಳಗೆ ಉದ್ದಕ್ಕೆ ಬರೋ ಗಟ್ಟಿ ಪೈಪ್. ಬಾಡಿಯಿಂದ ಆಕ್ಸಲ್ಲಿಗೆ ಇಳಿಯೋ ರಬ್ಬರ್ ಹೋಸ್. ಆಕ್ಸಲ್ ಮೇಲಿರೋ ಮೂರು ದಾರಿ ಯೂನಿಯನ್ನಿಂದ ಎಡಕ್ಕೊಂದು ಬಲಕ್ಕೊಂದು ಹೋಗೋ ಗಟ್ಟಿ ಪೈಪು. ಬಾಡಿ ಒಂದು ಕಡೆ ಇರುತ್ತೆ, ಆಕ್ಸಲ್ ಹಂಪ್ ಹಂಪಿಗೂ ಮೇಲೆ ಕೆಳಗೆ ಕುಣೀತಾ ಇರುತ್ತೆ. ಆ ಕುಣಿತವನ್ನ ನುಂಗೋದು ಹೋಸ್ ಮಾತ್ರ. ಗಟ್ಟಿ ಪೈಪ್ ಯಾವತ್ತೂ ಅಲ್ಲಾಡಬಾರದು, ಯಾವುದಕ್ಕೆ ಕಟ್ಟಿದಾರೋ ಅದರ ಜೊತೆಗೇ ಹೋಗಬೇಕು. ಆಕ್ಸಲ್ ಬದಲಾಯಿಸಿದಾಗ ಯೂನಿಯನ್ ಕೂರೋ ಜಾಗ ಬದಲಾಗುತ್ತೆ, ಕ್ಲಿಪ್ಪಿನ ಜಾಗ ಬದಲಾಗುತ್ತೆ, ವೀಲ್ ಸಿಲಿಂಡರಿನ ತೂತು ಅರ್ಧ ಇಂಚು ಆ ಕಡೆ ಈ ಕಡೆ ಆಗಿರುತ್ತೆ. ಹಳೇ ಪೈಪ್ ಹಳೇ ಆಕ್ಸಲ್ಲಿನ ಅಳತೆಗೆ ಬಗ್ಗಿಸಿದ್ದು. ಅದನ್ನ ಎಳೆದು ಜಗ್ಗಿ ಹೊಸದಕ್ಕೆ ಸೇರಿಸಿದ್ರೆ ಸೇರೇನೋ ಸೇರುತ್ತೆ. ಆದ್ರೆ ಆ ಎಳೆತ ನಟ್ಟಿನ ಬುಡದಲ್ಲಿ ಹಾಗೇ ಉಳ್ಕೊಳುತ್ತೆ. ಮಾಲೂರು ಕಡೆಯ ಇಟ್ಟಿಗೆ ಲಾರಿಗಳು ಓಡಾಡಿ ನಮ್ಮ ರಸ್ತೆಗಳು ಹೆಂಗಾಗಿದಾವೆ ಅಂತ ಈ ಕಡೆಯೋರಿಗೆ ಹೇಳಬೇಕಾಗಿಲ್ಲ. ಆ ನಡುಕಕ್ಕೆ ಮೊದಲು ಬಿರುಕು ಬಿಡೋದು ಅಲ್ಲೇ.

ಹಾಗಾದ್ರೆ ಫ್ರಿಜ್ ಪೈಪ್ ಯಾಕೆ ಬೇಡ? ತಾಮ್ರಕ್ಕೆ ತುಕ್ಕು ಹಿಡಿಯಲ್ಲ, ಕೈಯಲ್ಲೇ ಬಗ್ಗುತ್ತೆ, ಫ್ಲೇರ್ ಮಾಡೋದು ಸಲೀಸು. ಗ್ಯಾರೇಜಿನವರು ಇಷ್ಟಪಡೋದು ಅದಕ್ಕೇ, ಅವರನ್ನ ದಡ್ಡರು ಅನ್ನೋಕಾಗಲ್ಲ. ಆದ್ರೆ ಶುದ್ಧ ತಾಮ್ರಕ್ಕೆ ಒಂದು ಗುಣ ಇದೆ: ಬಗ್ಗಿಸ್ತಾ ಹೋದ ಹಾಗೆ, ನಡುಗ್ತಾ ಹೋದ ಹಾಗೆ ಅದು ಗಡಸಾಗುತ್ತೆ, ಆಮೇಲೆ ಬಿರುಕು ಬಿಡುತ್ತೆ. ತಾಮ್ರದ ತಂತಿಯೊಂದನ್ನ ಹತ್ತಿಪ್ಪತ್ತು ಸಲ ಹಿಂದೆ ಮುಂದೆ ಬಗ್ಗಿಸಿ ನೋಡಿ, ಗೊತ್ತಾಗುತ್ತೆ. ಫ್ರಿಜ್ಜು ಗೋಡೆ ಪಕ್ಕ ಸುಮ್ಮನೆ ನಿಂತಿರುತ್ತೆ, ಆಕ್ಸಲ್ ನಿಂತಿರಲ್ಲ.

ತಾಮ್ರದ ಅನುಕೂಲವೂ ಬೇಕು, ಬಾಳಿಕೆಯೂ ಬೇಕು ಅಂದ್ರೆ ಕಾಪರ್-ನಿಕ್ಕಲ್ ಪೈಪ್ ಇದೆ, ಸುಮಾರು ನೂರಕ್ಕೆ ಹತ್ತು ಭಾಗ ನಿಕ್ಕಲ್ ಸೇರಿಸಿದ್ದು. ವೋಲ್ವೋದವರು 1976ರಿಂದಲೇ ತಮ್ಮ ಕಾರುಗಳಿಗೆ ಅದನ್ನ ಹಾಕಿದ್ರು. ಹೌದು, ನಮ್ಮ ಹೊಸಕೋಟೆ ಹತ್ತಿರ ಟ್ರಕ್ ಮಾಡ್ತಾರಲ್ಲ, ಅದೇ ಹೆಸರು. ಆದ್ರೆ ಟ್ರಕ್ಕಿನದ್ದು ಗಾಳಿ ಬ್ರೇಕು, ಅದರ ಕಥೆಯೇ ಬೇರೆ.

ನಾವು ಹಾಕಿದ್ದು ಮಾಮೂಲಿ ಸ್ಟೀಲ್ ಪೈಪೇ. ಅಂಗಡಿಯಲ್ಲಿ "ಬಂಡಿ ಪೈಪ್" ಅಂತ ಕೇಳಿ. ನಾನು ಬಹಳ ದಿನ ಅದು ಎತ್ತಿನ ಬಂಡಿಯ ಬಂಡಿ ಅಂತಲೇ ತಿಳ್ಕೊಂಡಿದ್ದೆ, ಬಂಡಿಗೆ ಹಾಕೋ ಪೈಪ್, ಸರಿಯಾಗೇ ಇದೆಯಲ್ಲ ಅಂತ! ಅದು ಅಮೆರಿಕದ ಡೆಟ್ರಾಯಿಟಿನ ಹ್ಯಾರಿ ಬಂಡಿ ಅನ್ನೋರ ಹೆಸರು. ತೆಳು ಉಕ್ಕಿನ ಪಟ್ಟಿಯನ್ನ ಎರಡು ಸುತ್ತು ಸುರುಳಿ ಮಾಡಿ, ತಾಮ್ರದಿಂದ ಬೆಸೆದು ಮಾಡೋ ಪೈಪ್ ಅದು. ಎರಡು ಪದರ ಇರೋದಕ್ಕೇ ಅಷ್ಟು ಒತ್ತಡ ತಡೆಯೋದು. ತುಕ್ಕು ಹಿಡಿಯುತ್ತೆ ನಿಜ. ಆದ್ರೆ ನಮ್ಮ ಬಯಲುಸೀಮೆಯ ಒಣಹವೆಯಲ್ಲಿ ಅದು ಕರಾವಳಿಯಷ್ಟು ಬೇಗ ಬರಲ್ಲ. ಮಂಗಳೂರು, ಉಡುಪಿ ಕಡೆಯ ಕೇಳುಗರು ಇದ್ರೆ ನೀವು ಕಾಪರ್-ನಿಕ್ಕಲ್ಲಿಗೇ ಹೋಗಿ, ಉಪ್ಪುಗಾಳಿ ಸ್ಟೀಲನ್ನ ಬಿಡಲ್ಲ.

ಪೈಪಿನ ತುದಿಯನ್ನ ತುತ್ತೂರಿ ಬಾಯಿ ಥರ ಅಗಲಿಸ್ತಾರಲ್ಲ, ಅದೇ ಫ್ಲೇರ್. ಬ್ರೇಕಿಗೆ ಬೇಕಾಗಿರೋದು ಡಬಲ್ ಫ್ಲೇರ್: ಪಂಚೆಯ ಅಂಚನ್ನ ಮಡಚಿ ಹೊಲೀತಾರಲ್ಲ, ಹಾಗೆ ತುದಿಯನ್ನ ಒಳಗೆ ಮಡಚಿ ಎರಡು ಪದರ ಮಾಡೋದು. ಒಂದೇ ಪದರ ಬಿಟ್ರೆ ಸ್ಟೀಲ್ ಪೈಪ್ ಬೆಸುಗೆಯ ಸಾಲಿನಲ್ಲೇ ಸೀಳುತ್ತೆ. ಕೊಯ್ಯೋದಕ್ಕೆ ಪೈಪ್ ಕಟರ್ ಬೇಕು. ಗರಗಸದಲ್ಲಿ ಕೊಯ್ದ್ರೆ ಬಾಯಿ ಓರೆಯಾಗುತ್ತೆ, ಪುಡಿ ಒಳಗೆ ಹೋಗುತ್ತೆ, ಆ ಪುಡಿ ವೀಲ್ ಸಿಲಿಂಡರಿನ ರಬ್ಬರನ್ನ ಗೀರುತ್ತೆ. ಕೊಯ್ದ ಬಾಯಿಯ ಒಳಗಿನ ಚೂಪು ತೆಗೆದು, ಗಾಳಿ ಹೊಡೆದು ಶುಚಿ ಮಾಡಿ, ನಟ್ ಮೊದಲು ತೂರಿಸಿ, ಆಮೇಲೆ ಫ್ಲೇರ್ ಮಾಡಬೇಕು. ಚೆಂದದ ಫ್ಲೇರ್ ಮಾಡಿ, ಹಿಂದಕ್ಕೆ ನಿಂತು ನೋಡಿ, "ಅಯ್ಯೋ ನಟ್ಟು" ಅಂತ ತಲೆ ಚಚ್ಕೊಳ್ಳೋ ದೃಶ್ಯ ಪ್ರತಿ ಗ್ಯಾರೇಜಿನಲ್ಲೂ ತಿಂಗಳಿಗೊಮ್ಮೆ ಆಗುತ್ತೆ.

ಜೆ.ಸಿ. ರೋಡಿನಲ್ಲಿ ಪೈಪ್ ಕೊಡೋರ ಹತ್ರ ಫ್ಲೇರ್ ಮಾಡೋ ಯಂತ್ರವೂ ಇರುತ್ತೆ. ಉದ್ದ ಹೇಳಿದ್ರೆ ನಟ್ ಹಾಕಿ ಎರಡೂ ತುದಿ ಮಾಡಿಕೊಡ್ತಾರೆ. ಉದ್ದ ಅಳೆಯೋಕೆ ಬೈಂಡಿಂಗ್ ವೈರ್ ಸಾಕು. ಆಕ್ಸಲ್ ಮೇಲೆ ಪೈಪ್ ಹೋಗಬೇಕಾದ ದಾರಿಯಲ್ಲೇ ತಂತಿ ಬಗ್ಗಿಸಿಟ್ಟು, ತೆಗೆದು ನೇರ ಮಾಡಿ, ಒಂದಿಂಚು ಸೇರಿಸಿ ಅಳತೆ ಕೊಡಿ. ಬೈಂಡಿಂಗ್ ವೈರಿನ ಕೆಲಸ ಅಲ್ಲಿಗೆ ಮುಗೀತು. ಅದರಿಂದಲೇ ಪೈಪನ್ನ ಆಕ್ಸಲ್ಲಿಗೆ ಬಿಗಿಯೋದನ್ನ ನೋಡಿದೀನಿ, ವರ್ಷದಲ್ಲಿ ಪೈಪನ್ನೇ ಕೊಯ್ದು ಹಾಕುತ್ತೆ. ಕ್ಲಿಪ್ ಬೇಕು, ಅಡಿಗೊಂದಾದ್ರೂ. ಪಟ್ಟಾದ ಯು-ಬೋಲ್ಟಿನ ಕೆಳಗೆ ಪೈಪ್ ಸಿಕ್ಕಿಹಾಕ್ಕೊಳ್ಳಬಾರದು, ಸೈಲೆನ್ಸರ್ ಪೈಪಿಗೆ ಹತ್ತಿರ ಇರಬಾರದು.

ಈಗ ಬರೋದು ನಮ್ಮ ಗಾಡಿಯಲ್ಲಿ ನಿಜವಾಗಿ ಸಿಕ್ಕ ಅಪಾಯ. ನಾವು ಕೊಂಡ ಆಕ್ಸಲ್ ಮೇಲೆ ಮೂರು ದಾರಿ ಯೂನಿಯನ್ ಮೊದಲೇ ಕೂತಿತ್ತು. ನಮ್ಮ ಹಳೇ ನಟ್ ಅದಕ್ಕೆ ಹೋಯ್ತು, ಬೆರಳಲ್ಲೇ ಸಲೀಸಾಗಿ ಹೋಯ್ತು. ಅತಿ ಸಲೀಸಾಗಿ ಹೋಯ್ತು. ಅಲ್ಲಾಡಿಸಿದ್ರೆ ಲಟಲಟ ಅಂತಿತ್ತು. ಗಾಡಿಯ ಮೂಲ ನಟ್ಟುಗಳು ಇಂಚಿನ ಅಳತೆಯವು, 3/8 ಯುಎನ್‌ಎಫ್, ಅಂದ್ರೆ 9.5 ಮಿ.ಮೀ. ದಪ್ಪ, ಇಂಚಿಗೆ 24 ಥ್ರೆಡ್. ಆ ಯೂನಿಯನ್ ಯಾವುದೋ ಬೇರೆ ಗಾಡಿಯದು, ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ಹಾಕಿದ್ದು. ಅದು ಮೆಟ್ರಿಕ್, 10 ಮಿ.ಮೀ., ಒಂದು ಮಿ.ಮೀ.ಗೆ ಒಂದು ಥ್ರೆಡ್, ಅಂದ್ರೆ ಇಂಚಿಗೆ 25ಕ್ಕಿಂತ ಒಂಚೂರು ಜಾಸ್ತಿ. ಕಣ್ಣಿಗೆ ಎರಡೂ ಒಂದೇ. ಮೆಟ್ರಿಕ್ ನಟ್ಟನ್ನ ಇಂಚಿನ ತೂತಿಗೆ ಹಾಕಿದ್ರೆ ಒಂದೆರಡು ಸುತ್ತಿಗೇ ಬಿಗಿಯಾಗಿ ನಿಂತು ತಪ್ಪು ತೋರಿಸುತ್ತೆ. ಉಲ್ಟಾ ಆದ್ರೆ, ಇಂಚಿನ ನಟ್ಟು ಮೆಟ್ರಿಕ್ ತೂತಿಗೆ ಹೋದ್ರೆ, ಏನೂ ಹೇಳಲ್ಲ. ಥ್ರೆಡ್ಡಿನ ತುದಿಯಷ್ಟೇ ಹಿಡ್ಕೊಂಡು ಕೂರುತ್ತೆ. ಸ್ಪ್ಯಾನರ್ ಹಾಕಿದ್ರೆ ಬಿಗಿಯಾದ ಹಾಗೂ ಅನಿಸಬಹುದು. ಮೆಲ್ಲಗೆ ಒತ್ತಿದಾಗ ಸೋರದೇನೂ ಇರಬಹುದು. ಹಸು ಎದುರಿಗೆ ಬಂದ ದಿನ, ಆ 700 ಪಿಎಸ್‌ಐ ದಿನ, ಕಿತ್ತು ಬರುತ್ತೆ.

ಆ ಯೂನಿಯನ್ ತೆಗೆದು ಹಳೇ ಆಕ್ಸಲ್ಲಿನದ್ದನ್ನ ತೊಳೆದು ಹಾಕಿದ್ವಿ. ಇಲ್ಲಿ ಇನ್ನೊಂದು ನೋಡಬೇಕು: ತೂತಿನ ತಳದಲ್ಲಿ ಕೋನ್ ಮೇಲಕ್ಕೆ ಎದ್ದಿದ್ಯಾ, ಒಳಕ್ಕೆ ತಗ್ಗಾಗಿದ್ಯಾ. ಎದ್ದಿದ್ರೆ ತುತ್ತೂರಿ ಬಾಯಿಯ ಫ್ಲೇರ್, ತಗ್ಗಾಗಿದ್ರೆ ಗುಳ್ಳೆ ಆಕಾರದ್ದು. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಇಲ್ಲಿ ಸೀಲ್ ಆಗೋದು ಥ್ರೆಡ್ಡಿನಲ್ಲಲ್ಲ, ಈ ಎರಡು ಮುಖ ಒತ್ತಿಕೊಳ್ಳೋ ಜಾಗದಲ್ಲಿ. ಅದಕ್ಕೇ ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತೋದು, ನಟ್ ಮೇಲೆ ಎಂ-ಸೀಲ್ ಮೆತ್ತೋದು, ಎರಡೂ ವ್ಯರ್ಥ. ಬ್ರೇಕ್ ಲೈನ್ ಮೇಲೆ ಎಂ-ಸೀಲ್ ಕಂಡ್ರೆ ಆ ಗಾಡಿ ಹತ್ತಬೇಡಿ, ಅಷ್ಟೇ ನಾನು ಹೇಳೋದು.

ರಬ್ಬರ್ ಹೋಸ್ ಹೊಸದೇ ಹಾಕಿ, ಹಳೇದು ಹೊರಗೆ ಎಷ್ಟೇ ಚೆನ್ನಾಗಿ ಕಂಡ್ರೂ. ವಯಸ್ಸಾದ ಹೋಸ್ ಒಳಗಡೆ ಊದ್ಕೊಂಡು ಒಂದು ಕಡೆಗೆ ಮಾತ್ರ ಬಿಡೋ ವಾಲ್ವಿನ ಹಾಗಾಗುತ್ತೆ. ಒತ್ತಿದಾಗ ಆಯಿಲ್ ಹೋಗುತ್ತೆ, ಬಿಟ್ಟಾಗ ವಾಪಸ್ ಬರಲ್ಲ, ಚಕ್ರ ಹಿಡ್ಕೊಂಡು ಡ್ರಮ್ ಕಾದು ವಾಸನೆ ಬರುತ್ತೆ. ಜನ ಶೂ ಬದಲಾಯಿಸ್ತಾರೆ, ಡ್ರಮ್ ಕಡೆಸ್ತಾರೆ, ಹೋಸ್ ಮಾತ್ರ ಹಾಗೇ ಬಿಡ್ತಾರೆ. ಹೋಸಿನ ತುದಿಗೆ ಬರೋ ತಾಮ್ರದ ವಾಷರೂ ಹೊಸದಿರಲಿ. ಒಮ್ಮೆ ಚಪ್ಪಟೆಯಾದ ವಾಷರ್ ಎರಡನೇ ಸಲ ಸರಿಯಾಗಿ ಕೂರಲ್ಲ.

ಉದ್ದ ಸರಿ ಇದೆಯಾ ಅಂತ ಗಾಡಿ ನೆಲದ ಮೇಲೆ ನಿಂತಿರುವಾಗ ನೋಡಿದ್ರೆ ಗೊತ್ತಾಗಲ್ಲ. ಬಾಡಿಗೆ ಜ್ಯಾಕ್ ಕೊಟ್ಟು ಎತ್ತಿ, ಆಕ್ಸಲ್ ಪೂರ್ತಿ ಜೋತು ಬೀಳಬೇಕು. ಆಗಲೂ ಹೋಸ್ ಬಿಗಿಯಾಗಿ ಎಳ್ಕೊಂಡಿರಬಾರದು. ಆಮೇಲೆ ಒಂದು ಪಕ್ಕದಲ್ಲಿ ಆಕ್ಸಲ್ಲಿಗೇ ಜ್ಯಾಕ್ ಕೊಟ್ಟು ಪಟ್ಟಾ ಒತ್ತುವ ತನಕ ಎತ್ತಿ ನೋಡಿ, ಟೈರಿಗಾಗಲಿ ಸೈಲೆನ್ಸರಿಗಾಗಲಿ ಹೋಸ್ ತಗುಲಬಾರದು. ಹೋಸ್ ಹಾಕೋ ಮೊದಲು ಅದರ ಉದ್ದಕ್ಕೂ ಸೀಮೆಸುಣ್ಣದಲ್ಲಿ ನೇರ ಗೆರೆ ಎಳೆದಿಡಿ. ಬಿಗಿ ಮಾಡಿದ ಮೇಲೆ ಗೆರೆ ಸುರುಳಿ ಸುತ್ತಿದ್ರೆ ಹೋಸ್ ತಿರುಚಿದೆ ಅಂತ ಅರ್ಥ. ಇದೆಲ್ಲ ಮಾಡುವಾಗ ಗಾಡಿ ಸ್ಟ್ಯಾಂಡ್ ಮೇಲೆ ಇರಬೇಕು. ಮಾಲೂರಿನ ಇಟ್ಟಿಗೆಗೆ ಎಷ್ಟೇ ಹೆಸರಿದ್ರೂ ಅದು ಗಾಡಿ ಕೆಳಗೆ ಇಡೋಕೆ ಮಾಡಿದ್ದಲ್ಲ, ಸಿಮೆಂಟ್ ಬ್ಲಾಕಂತೂ ಇಲ್ಲವೇ ಇಲ್ಲ, ಅದು ಹೇಳದೆ ಕೇಳದೆ ಪುಡಿಯಾಗುತ್ತೆ.

ಪೈಪೆಲ್ಲ ಆಯ್ತು, ಈಗ ಗಾಳಿ ತೆಗೆಯೋದು. ಅದಕ್ಕೂ ಮೊದಲು ಹಿಂದಿನ ಡ್ರಮ್ಮಿನ ಶೂ ಅಡ್ಜಸ್ಟ್ ಮಾಡಿಕೊಳ್ಳಿ. ಆಕ್ಸಲ್ ಬೇರೆ ಆದ್ದರಿಂದ ಶೂಗಳು ಡ್ರಮ್ಮಿಂದ ದೂರ ಇರ್ತಾವೆ. ಪೆಡಲ್ ಕೆಳಗೆ ಹೋಗುತ್ತೆ, ನೀವು ಗಾಳಿ ಅಂದ್ಕೊಂಡು ಎರಡು ಬಾಟಲಿ ಆಯಿಲ್ ಖಾಲಿ ಮಾಡ್ತೀರ. ಬ್ಲೀಡಿಂಗ್ ಶುರು ಮಾಡೋದು ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ. ನಮ್ಮ ಬಲಗಡೆ ಸ್ಟೇರಿಂಗ್ ಗಾಡಿಯಲ್ಲಿ ಹಿಂದಿನ ಎಡಗಡೆಯದು. ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಹಾಕಿ ಇನ್ನೊಂದು ತುದಿಯನ್ನ ಆಯಿಲ್ ಇರೋ ಬಾಟಲಿಯಲ್ಲಿ ಮುಳುಗಿಸಿದ್ವಿ. ಪೆಡಲ್ ಮೇಲೆ ನನ್ನ ತಂಗಿ. "ಒತ್ತು" ಅಂದಾಗ ಒತ್ತಿ ಹಿಡಿಯೋದು, ನಾನು ನಿಪ್ಪಲ್ ಮುಚ್ಚಿ "ಬಿಡು" ಅಂದ ಮೇಲಷ್ಟೇ ಬಿಡೋದು. ಇಷ್ಟೇ ಕೆಲಸ, ಆದ್ರೆ ಅವಳು ಫೋನ್ ನೋಡ್ಕೊಂಡು ಮಾಡಬಾರದು. ಮಧ್ಯೆ ಮಧ್ಯೆ ಮೇಲಿನ ಡಬ್ಬಿ ತುಂಬಿಸ್ತಾ ಇರಬೇಕು. ಅದು ಖಾಲಿಯಾಗಿ ಗಾಳಿ ಎಳೆದ್ರೆ ಮತ್ತೆ ಒಂದರಿಂದ ಶುರು.

ಆಯಿಲ್ ಬಗ್ಗೆ: ಡಬ್ಬಿಯ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಇರಬೇಕು, ಸೀಲ್ ಒಡೆಯದ್ದು ಇರಬೇಕು. ಈ ಆಯಿಲ್ ಗಾಳಿಯ ತೇವ ಹೀರುತ್ತೆ. ಡಾಟ್ 3 ಹೊಸದಾಗಿದ್ದಾಗ ಕುದಿಯೋದು ಕನಿಷ್ಠ 205 ಡಿಗ್ರಿಯಲ್ಲಿ. ನೀರು ಕುಡಿದ ಮೇಲೆ ಅದರ ಮಿತಿ 140ಕ್ಕೆ ಇಳಿಯುತ್ತೆ. ಡಾಟ್ 4 ಆದ್ರೆ 230 ಮತ್ತು 155. ನಂದಿ ಬೆಟ್ಟದಿಂದ ಬ್ರೇಕ್ ಮೇಲೇ ಕಾಲಿಟ್ಟು ಇಳಿಯೋರಿಗೆ ಈ ವ್ಯತ್ಯಾಸ ಗೊತ್ತಾಗೋದು ಕೆಳಗಿನ ತಿರುವುಗಳಲ್ಲಿ, ಕುದ್ದ ಆಯಿಲ್ ಆವಿಯಾಗಿ ಪೆಡಲ್ ಮೆತ್ತಗಾದಾಗ. ಇಂಜಿನ್ ಆಯಿಲ್ ಅಂತೂ ಒಂದು ಹನಿಯೂ ಬೇಡ, ಒಳಗಿನ ರಬ್ಬರೆಲ್ಲ ಊದಿ ಕೆಡುತ್ತೆ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ರೆ ತಕ್ಷಣ ನೀರಿನಲ್ಲಿ ತೊಳೀರಿ.

ಸೋರಿಕೆ ನೋಡೋಕೆ ನಾವು ಮಾಡಿದ್ದು ಇದು: ಪ್ರತಿ ನಟ್ಟಿಗೆ ಹಳೇ ಪೇಪರಿನ ಚೂರು ಸುತ್ತಿ, ಪೆಡಲನ್ನ ಶಕ್ತಿಯಿದ್ದಷ್ಟು ಒತ್ತಿ ಎರಡು ನಿಮಿಷ ಹಿಡಿದು, ಪೇಪರ್ ಒದ್ದೆಯಾಗಿದ್ಯಾ, ಪೆಡಲ್ ಮೆಲ್ಲಗೆ ಇಳೀತಿದ್ಯಾ ನೋಡಿದ್ದು. ಎರಡೂ ಇಲ್ಲ. ಮೊದಲ ಓಟ ಮನೆ ಹಿಂದಿನ ಖಾಲಿ ಜಮೀನಿನಲ್ಲಿ, ನಡಿಗೆಯ ವೇಗದಲ್ಲಿ, ಒಂದು ಕೈ ಹ್ಯಾಂಡ್‌ಬ್ರೇಕ್ ಮೇಲೆ.

ಪೈಪಿಗೆ ಸೇರದ, ಆದ್ರೆ ಬಿಡೋಕಾಗದ ಒಂದು ವಿಷಯ: ಹೊಸ ಆಕ್ಸಲ್ಲಿನ ವೀಲ್ ಸಿಲಿಂಡರ್ ಸೈಜ್. ಹಳೇದು ಮುಕ್ಕಾಲು ಇಂಚಿದ್ದು, ಬಂದಿದ್ದು 7/8 ಇಂಚಿನದು ಅನ್ಕೊಳ್ಳಿ. ಎಂಟನೇ ಒಂದು ಇಂಚು ತಾನೇ ಅನಿಸುತ್ತೆ. ಬಲ ಬೀಳೋದು ಮುಖದ ವಿಸ್ತೀರ್ಣದ ಮೇಲೆ, ಹಾಗಾಗಿ ಅದೇ ಪೆಡಲಿಗೆ ಹಿಂದಿನ ಶೂಗಳು 36 ಪರ್ಸೆಂಟ್ ಜಾಸ್ತಿ ಬಲದಿಂದ ಒತ್ತುತ್ತವೆ. ಮಳೆಯಲ್ಲಿ ಕೆಮ್ಮಣ್ಣಿನ ರಸ್ತೆ ಮೇಲೆ ಮೊದಲು ಲಾಕ್ ಆಗೋದು ಹಿಂದಿನ ಚಕ್ರ. ಹಿಂದಿನ ಚಕ್ರ ಲಾಕ್ ಆದ ಗಾಡಿ ತಿರುಗಿ ನಿಲ್ಲುತ್ತೆ. ಹಾಗಾಗಿ ಅಳೀರಿ, ಬೇರೆ ಇದ್ರೆ ಹಳೇ ಸೈಜಿನದ್ದೇ ಹಾಕಿ. ನಮ್ಮದರಲ್ಲಿ ಎರಡೂ ಒಂದೇ ಇತ್ತು, ಕಿಟ್ ಬದಲಾಯಿಸಿ ಹಾಗೇ ಬಿಟ್ವಿ.

ಕಾನೂನಿನ ಪ್ರಶ್ನೆಯೂ ಬಂದಿತ್ತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ಕಂಪನಿ ಹೇಳಿದ ಮೂಲ ವಿವರಗಳಿಗೆ ಬೇರೆಯಾಗೋ ಹಾಗೆ ಗಾಡಿ ಬದಲಾಯಿಸೋದನ್ನ ತಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನ ಗಟ್ಟಿಯಾಗಿ ಹೇಳಿತು. ಸವೆದ ಭಾಗಕ್ಕೆ ಅದೇ ಥರದ ಭಾಗ ಹಾಕೋದು ದುರಸ್ತಿ. ಅಂಬಾಸಿಡರ್‌ಗೆ ಜೀಪಿನ ಆಕ್ಸಲ್ ಹಾಕ್ತೀನಿ ಅನ್ನೋರು ಮೊದಲು ಆರ್‌ಟಿಒ ಮೆಟ್ಟಿಲು ಹತ್ತಿ ಬನ್ನಿ.

ಖರ್ಚು ಎಷ್ಟಾಯ್ತು ಅಂತ ಬಹಳ ಜನ ಕೇಳಿದ್ರು. ಪೈಪ್, ನಟ್, ಹೋಸ್, ವಾಷರ್, ಕ್ಲಿಪ್, ಆಯಿಲ್, ಜೆ.ಸಿ. ರೋಡಿಗೆ ಹೋಗಿಬಂದ ಬಸ್ ಚಾರ್ಜು, ಎಲ್ಲ ಸೇರಿಸಿದ್ರೂ ಆಕ್ಸಲ್ಲಿಗೆ ಕೊಟ್ಟ ದುಡ್ಡಿನ ಹತ್ತನೇ ಒಂದು ಭಾಗ ಆಗಲಿಲ್ಲ. ಖರ್ಚಾಗಿದ್ದು ದಿನಗಳು. ಹನ್ನೊಂದು ದಿನ ಗಾಡಿ ನಿಂತಿತ್ತು. ಮದುವೆಗೆ ಬಾಡಿಗೆ ಈಕೋ ಮಾಡ್ಕೊಂಡು ಹೋದ್ವಿ. ಚಿಕ್ಕಪ್ಪ ಆ ಬಾಡಿಗೆಯನ್ನ ನನ್ನ ಲೆಕ್ಕಕ್ಕೇ ಬರೆದರು, ಛತ್ರದಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅದನ್ನ ಹೇಳಿದ್ರು. ಗಾಡಿ ರಸ್ತೆಗೆ ಇಳಿದು ಇನ್ನೂರು ಕಿಲೋಮೀಟರ್ ಆದ ಮೇಲೆ ಮತ್ತೆ ಎತ್ತಿ ನೋಡೋಣ ಅಂದಾಗ ಮಾತ್ರ, ನಾನು ಸ್ಟ್ಯಾಂಡ್ ತರೋ ಮೊದಲೇ ಅವರು ಹಳೇ ಪೇಪರ್ ಚೂರು ಮಾಡ್ತಾ ಕೂತಿದ್ರು.

ಮುಂದಿನ ವಾರ ಹ್ಯಾಂಡ್‌ಬ್ರೇಕ್ ಕೇಬಲ್. ಅದೂ ಹೊಸ ಆಕ್ಸಲ್ಲಿಗೆ ಎರಡಿಂಚು ಸಾಲಲಿಲ್ಲ. ನಮಸ್ಕಾರ.